ಹೊಲಕ್ಕೆ ಹೋಗುವ ಕ್ಯಾಮೆರಾ



ಬೀಜ, ಗೊಬ್ಬರ, ಔಷಧಿಗಳ ವಿಚಾರವನ್ನೇ ಈ ಹೊತ್ತಿನಲ್ಲಿ ಕೇಳಿ ರೂಢಿಯಾಗಿರುವ ನಿಮಗೆ ಇಂದಿನ ವಿಷಯ ಸ್ವಲ್ಪ ವಿಚಿತ್ರವಾಗಿ ತೋರಬಹುದು. "ಒಕ್ಕಲುತನದೋರಿಗೆ ಕ್ಯಾಮೆರಾ ಯಾಕಪ್ಪಾ? ಇದೇನು ಮದುವೆ ಮನೆಯೇ?" ಎಂದು ನೀವು ನಗಲೂಬಹುದು. ನಗಿರಿ, ಅಡ್ಡಿಯಿಲ್ಲ. ಆದರೆ ಕುಂಟೆ, ಕೂರಿಗೆ, ಸಿಂಪರಣೆ ಯಂತ್ರಗಳ ಸಾಲಿನಲ್ಲಿ ಈಗ ಕ್ಯಾಮೆರಾವೂ ಒಂದು ಉಪಕರಣವಾಗಿ ಬಂದು ನಿಂತಿದೆ. ಎಲೆಗೆ ಬಂದ ರೋಗವನ್ನು ದೂರದಲ್ಲಿರುವ ತಜ್ಞರಿಗೆ ತೋರಿಸಲು ಚಿತ್ರ ಬೇಕು. 2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಬೆಳೆಯ ಚಿತ್ರ ತೆಗೆದು ಬೆಳೆ ಸಮೀಕ್ಷೆಗೆ ಸೇರಿಸುವ ಏರ್ಪಾಡು ಬಂದಿದೆ. ವಿಮೆ ಮಾಡಿಸಿದ ಬೆಳೆ ಆಲಿಕಲ್ಲು ಮಳೆಗೆ ಸಿಕ್ಕಿದರೆ 72 ಗಂಟೆಯೊಳಗೆ ತಿಳಿಸಬೇಕು. ಆಗಲೂ ಚಿತ್ರವೇ ನಿಮ್ಮ ಪರವಾಗಿ ಮಾತನಾಡುವ ಸಾಕ್ಷಿ. ಆದುದರಿಂದ ಕಡಿಮೆ ಹಣದಲ್ಲಿ, ಜೇಬಿನಲ್ಲಿ ಹಿಡಿಯುವಂಥ, ಆದರೆ ಕೆಲಸಕ್ಕೆ ಬರುವಂಥ ಕ್ಯಾಮೆರಾವನ್ನು ಆರಿಸುವುದು ಹೇಗೆ ಎಂಬುದನ್ನು ಇಂದು ನೋಡೋಣ.

ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

2018ರ ಮುಂಗಾರಿನ ಮಾತು. ನಾನು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಒಂದು ಸಂಜೆ ಎರಡು ಎಕರೆ ಮೆಕ್ಕೆಜೋಳದ ರೈತರೊಬ್ಬರು ನನ್ನ ಫೋನಿಗೆ ಒಂದು ಚಿತ್ರ ಕಳಿಸಿದರು. ಹಸಿರು ಎಲೆ, ಅದರಲ್ಲಿ ಸಾಲಾಗಿ ತೂತು, ನಡುವೆ ಕಂದು ಬಣ್ಣದ ಏನೋ ಒಂದು ಮಬ್ಬು. "ಸಾರ್, ಸುಳಿ ತಿಂತಾ ಐತೆ. ಏನು ಹೊಡೀಲಿ?" ಎಂದು ಕೇಳಿದರು. ತೂತಿನ ಸಾಲು ಕಂಡ ನಾನು "ಕಾಂಡಕೊರಕ ಇರಬೇಕು ಯಜಮಾನ್ರೇ, ಅವಸರ ಬೇಡ, ಮುಂದಿನ ವಾರ ನಾನೇ ಬಂದು ನೋಡ್ತೀನಿ" ಎಂದುಬಿಟ್ಟೆ.

ಎಂಟನೆಯ ದಿನ ಹೋಗಿ ನೋಡಿದಾಗ ಎದೆ ಧಸಕ್ಕೆಂದಿತು. ಸುಳಿಯ ತುಂಬ ಮರದ ಹೊಟ್ಟಿನಂಥ ಲದ್ದಿ. ಬಿಡಿಸಿ ನೋಡಿದರೆ ಒಳಗೆ ಬಲಿತ ಹುಳು. ತಲೆಯ ಮೇಲೆ ಇಂಗ್ಲಿಷಿನ 'ವೈ' ಅಕ್ಷರವನ್ನು ತಲೆಕೆಳಗು ಮಾಡಿದಂಥ ಬಿಳಿ ಗುರುತು; ಬಾಲದ ಕಡೆ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಅದು ಕಾಂಡಕೊರಕವಲ್ಲ, ಫಾಲ್ ಸೈನಿಕ ಹುಳು. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊಟ್ಟಮೊದಲು ಪತ್ತೆಯಾದದ್ದು ಅದೇ 2018ರಲ್ಲಿ, ನಮ್ಮ ಕರ್ನಾಟಕದ ಶಿವಮೊಗ್ಗದ ಕಡೆಯ ಮೆಕ್ಕೆಜೋಳದಲ್ಲಿ. ಮರಿಯಾಗಿದ್ದಾಗ ಈ ಹುಳುವನ್ನು ಹಿಡಿತಕ್ಕೆ ತರುವುದು ಸುಲಭ. ಬಲಿತು ಸುಳಿಯೊಳಗೆ ಇಳಿದು, ಲದ್ದಿಯಿಂದ ಬಾಯಿ ಮುಚ್ಚಿಕೊಂಡ ಮೇಲೆ ಮೇಲಿನಿಂದ ಹೊಡೆದ ಔಷಧಿ ಅದಕ್ಕೆ ತಾಗುವುದೇ ಕಷ್ಟ. ಆ ಎಂಟು ದಿನ ಕಳೆದದ್ದು ನನ್ನ ಮಾತಿನಿಂದ. ಆ ಮನೆಯವರ ಫಸಲು ಆ ವರ್ಷ ಸೊರಗಿತು.

ಆ ಚಿತ್ರ ತೆಗೆದವರು ಅವರ ಮನೆಯಾಕೆ. ಕಳೆ ಕೀಳುವಾಗ ಹುಳು ಮೊದಲು ಕಂಡದ್ದೂ ಅವರಿಗೇ. ಅವರು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಹತ್ರಕ್ಕೆ ಹಿಡಿದಷ್ಟೂ ಮಬ್ಬಾಗ್ತಿತ್ತು ಸಾರ್. ನಮ್ ಕಣ್ಣಿಗೆ ಚೆನ್ನಾಗೇ ಕಾಣ್ತಿತ್ತು, ಅದರ ಕಣ್ಣಿಗೆ ಕಾಣ್ಲಿಲ್ಲ."

ತಪ್ಪು ಆ ತಾಯಿಯದಲ್ಲ. ಇನ್ನೊಂದು ಸ್ಪಷ್ಟವಾದ ಚಿತ್ರ ಕಳಿಸಿ ಎಂದು ಕೇಳದೆ ತೀರ್ಪು ಕೊಟ್ಟವನು ನಾನು. ಆದರೆ ಆ ಮಾತಿನಲ್ಲಿ ಕ್ಯಾಮೆರಾ ಕೊಳ್ಳುವವರಿಗೆ ಬೇಕಾದ ಮೊದಲ ಪಾಠವಿದೆ. ನಮ್ಮ ಹುಳು, ನಮ್ಮ ಚುಕ್ಕೆರೋಗ ಇವೆಲ್ಲ ಸಣ್ಣ ವಸ್ತುಗಳು. ನಮಗೆ ಬೇಕಾದುದು ಹತ್ತಿರದ್ದನ್ನು ಸ್ಪಷ್ಟವಾಗಿ ಕಾಣುವ ಕಣ್ಣು.

ಪ್ರತಿಯೊಂದು ಕ್ಯಾಮೆರಾದ ಮಸೂರಕ್ಕೂ ಒಂದು ಮಿತಿಯಿದೆ. ಅದಕ್ಕಿಂತ ಹತ್ತಿರ ಹೋದರೆ ಎಷ್ಟೇ ಬೆಲೆಯ ಕ್ಯಾಮೆರಾ ಆದರೂ ಚಿತ್ರ ಮಬ್ಬಾಗುತ್ತದೆ. ಎಷ್ಟೋ ಫೋನುಗಳಲ್ಲಿ ಈ ಮಿತಿ ಸುಮಾರು 10 ಸೆಂಟಿಮೀಟರು. ಕೆಲವದರಲ್ಲಿ ಅದಕ್ಕಿಂತಲೂ ಹೆಚ್ಚು. ಆದುದರಿಂದ ಹತ್ತಿರ ಹಿಡಿದು ಮಬ್ಬಾದರೆ ಒಂದು ಗೇಣು ಹಿಂದಕ್ಕೆ ಬನ್ನಿ. ಹುಳು ಚಿಕ್ಕದಾಗಿ ಕಂಡರೂ ಸ್ಪಷ್ಟವಾಗಿರುತ್ತದೆ. ಆಮೇಲೆ ಬೇಕಾದ ಭಾಗವನ್ನು ಮಾತ್ರ ಕತ್ತರಿಸಿ ಕಳಿಸಬಹುದು. ಇದಕ್ಕೆ ಕಾಸು ಖರ್ಚಿಲ್ಲ.

ಇನ್ನು ಅಂಗಡಿಗೆ ಹೋಗೋಣ. ಹನ್ನೆರಡು ಹದಿನೈದು ಸಾವಿರ ರೂಪಾಯಿ ಕೂಡಿಟ್ಟಿದ್ದೀರಿ ಎನ್ನಿ. ಅಂಗಡಿಯವರು ಮೊದಲು ಹೇಳುವುದು ಮೆಗಾಪಿಕ್ಸೆಲ್ ಲೆಕ್ಕ. "ಇದು ಐವತ್ತು ಅಣ್ಣಾ, ಅದು ನೂರೆಂಟು!" ಎಂದು ಅಬ್ಬರಿಸುತ್ತಾರೆ. ಹೆದರಬೇಡಿ. ಒಂದು ಮೆಗಾಪಿಕ್ಸೆಲ್ ಎಂದರೆ ಚಿತ್ರದಲ್ಲಿ ಹತ್ತು ಲಕ್ಷ ಚುಕ್ಕೆ, ಅಷ್ಟೇ. ಆರು ಅಂಗುಲ ಉದ್ದ, ನಾಲ್ಕು ಅಂಗುಲ ಅಗಲದ ಫೋಟೋವನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಅಚ್ಚು ಹಾಕಲು 1800ನ್ನು 1200ರಿಂದ ಗುಣಿಸಿದಷ್ಟು, ಎಂದರೆ ಸುಮಾರು 22 ಲಕ್ಷ ಚುಕ್ಕೆ ಸಾಕು. 12 ಮೆಗಾಪಿಕ್ಸೆಲ್ ಇದ್ದರೆ ಕತ್ತರಿಸಿ ಕಳಿಸಲೂ ಧಾರಾಳ. 50 ಎಂದು ಬರೆದ ಎಷ್ಟೋ ಫೋನುಗಳೂ ಸಾಧಾರಣವಾಗಿ ನಾಲ್ಕು ಚುಕ್ಕೆಗಳನ್ನು ಸೇರಿಸಿ ಒಂದು ಮಾಡಿ, ಹನ್ನೆರಡರ ಆಸುಪಾಸಿನ ಚಿತ್ರವನ್ನೇ ಕೊಡುತ್ತವೆ.

ಚುಕ್ಕೆಗಳ ಸಂಖ್ಯೆಗಿಂತ ಮುಖ್ಯವಾದುದು ಬೆಳಕು ಹಿಡಿಯುವ ಫಲಕದ ಅಳತೆ. ಇದನ್ನು ಸೆನ್ಸರ್ ಎನ್ನುತ್ತಾರೆ. ಮಳೆಯಲ್ಲಿ ಅಂಗಳಕ್ಕೆ ಒಂದು ತಂಬಿಗೆಯನ್ನೂ ಒಂದು ಕೊಪ್ಪರಿಗೆಯನ್ನೂ ಇಟ್ಟರೆ ಯಾವುದಕ್ಕೆ ಹೆಚ್ಚು ನೀರು ಬೀಳುತ್ತದೆ? ಬಾಯಿ ಅಗಲವಾದುದಕ್ಕೆ ತಾನೇ? ಹಾಗೆಯೇ ಫಲಕ ದೊಡ್ಡದಾದಷ್ಟೂ ಮೋಡದ ದಿನ, ತೋಟದ ನೆರಳು, ಕೊಟ್ಟಿಗೆಯ ಕತ್ತಲೆ ಇಂಥ ಕಡೆ ಚಿತ್ರ ಚೆನ್ನಾಗಿ ಬರುತ್ತದೆ.

ಎರಡನೆಯದಾಗಿ, ಫೋನಿನ ಹಿಂಬದಿಯಲ್ಲಿ ಮೂರು ಕಣ್ಣು ಕಂಡು ಮರುಳಾಗಬೇಡಿ. ಅಗ್ಗದ ಹಲವು ಫೋನುಗಳಲ್ಲಿ ಒಂದೇ ಕಣ್ಣು ಗಟ್ಟಿ. ಉಳಿದವು ಎರಡೇ ಮೆಗಾಪಿಕ್ಸೆಲಿನ, ಹೆಸರಿಗೆ ಮಾತ್ರ ಇರುವ ಕಣ್ಣುಗಳು. ಮೂರು ಬಡಕಲು ಎತ್ತಿಗಿಂತ ಒಂದು ಗಟ್ಟಿ ಎತ್ತು ಮೇಲಲ್ಲವೇ?

ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ? ಬಹಳ ಸುಲಭ. ಮನೆಯಿಂದ ಹೊರಡುವಾಗ ಒಂದು ಖಾಲಿ ಬೀಜದ ಪಾಕೀಟನ್ನು ಜೇಬಿನಲ್ಲಿಟ್ಟುಕೊಳ್ಳಿ. ಅಂಗಡಿಯಲ್ಲಿ ಆ ಪಾಕೀಟಿನ ಅತಿ ಸಣ್ಣ ಅಕ್ಷರಗಳನ್ನು ಒಂದು ಗೇಣು ದೂರದಿಂದ ಚಿತ್ರ ತೆಗೆಯಿರಿ. ಬೆರಳಿನಿಂದ ಹಿಗ್ಗಿಸಿ ನೋಡಿ. ಅಕ್ಷರ ಓದಲು ಬಂದರೆ ಹುಳುವಿನ ತಲೆಯ ಗುರುತೂ ಕಂಡೀತು. ಆಮೇಲೆ ಅಂಗಡಿಯ ಬೆಳಕು ಕಡಿಮೆಯಿರುವ ಮೂಲೆಯಲ್ಲಿ ಇನ್ನೊಂದು ಚಿತ್ರ. ಕೊನೆಗೆ ಫೋನನ್ನು ಬಾಗಿಲ ಹೊರಗೆ ಬಿಸಿಲಿಗೆ ತನ್ನಿ. ಪರದೆಯ ಮೇಲೆ ಏನಾದರೂ ಕಾಣುತ್ತದೆಯೇ? ಕಾಣದಿದ್ದರೆ ಹೊಲದಲ್ಲಿ ಕುರುಡನಂತೆ ಗುಂಡಿ ಒತ್ತಬೇಕಾಗುತ್ತದೆ. ಈ ಮೂರರಲ್ಲಿ ಗೆದ್ದದ್ದನ್ನು ಕೊಳ್ಳಿ. ಹೊದಿಕೆಯ ಬಣ್ಣ, ಜಾಹೀರಾತಿನ ಮುಖ ಇವುಗಳಿಗೆ ದುಡ್ಡು ಕೊಡಬೇಡಿ.

"ಮನೇಲಿ ಆಗಲೇ ಒಂದು ಫೋನ್ ಐತಲ್ಲಾ ಸಾರ್, ಹೊಸದು ಬೇಕೇ ಬೇಕಾ?" ಎಂದು ನೀವು ಕೇಳಬಹುದು. ಬೇಕಿಲ್ಲ. ಇರುವ ಫೋನಿಗೆ ಕ್ಲಿಪ್ಪಿನಂತೆ ಕಚ್ಚಿಸುವ ಪುಟ್ಟ ಭೂತಗನ್ನಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಫೋನಿನ ಕಣ್ಣಿನ ಮೇಲೆ ಸರಿಯಾಗಿ ಕೂರಿಸಿ, ಒಂದೆರಡು ಅಂಗುಲದಷ್ಟು ಹತ್ತಿರ ಹೋದರೆ ಜೇಡನುಸಿ, ಥ್ರಿಪ್ಸ್‌ನಂಥ ಸಣ್ಣ ಕೀಟಗಳೂ ಕಾಣುತ್ತವೆ. ಸಾವಿರಾರು ರೂಪಾಯಿ ಸುರಿಯುವ ಮೊದಲು ಇದನ್ನು ಮಾಡಿ ನೋಡಿ.

ಈಗ ಅಡಿಕೆ ತೋಟದವರ ಪ್ರಶ್ನೆ. ಎಲೆಚುಕ್ಕೆ ರೋಗ ಇರುವುದು ಮರದ ತುದಿಯ ಸೋಗೆಯಲ್ಲಿ. ಕೆಳಗೆ ನಿಂತು ಫೋನಿನ ಪರದೆಯನ್ನು ಹಿಗ್ಗಿಸಿದರೆ ಚಿತ್ರ ದೊಡ್ಡದಾಗುತ್ತದೆಯೇ ಹೊರತು ಸ್ಪಷ್ಟವಾಗುವುದಿಲ್ಲ. ದೂರದ್ದನ್ನು ನಿಜವಾಗಿ ಹತ್ತಿರ ತರಬೇಕಾದರೆ ಮಸೂರವೇ ಮುಂದಕ್ಕೆ ಹಿಂದಕ್ಕೆ ಸರಿಯುವ ಆಪ್ಟಿಕಲ್ ಝೂಮ್ ಇರುವ ಕ್ಯಾಮೆರಾ ಬೇಕು. ಜೇಬಿನಲ್ಲಿ ಹಿಡಿಯುವ ಇಂಥ ಕ್ಯಾಮೆರಾಗಳಿವೆ. ಫೋನುಗಳ ಹಾವಳಿಯಿಂದ ಅಗ್ಗದವುಗಳ ತಯಾರಿಕೆ ಬಹಳ ಕಡಿಮೆಯಾಗಿರುವುದರಿಂದ ಹಳೆಯದನ್ನೇ ಹುಡುಕಬೇಕಾಗಬಹುದು. ಆದರೆ ದೋಟಿಯಿಂದ ಒಂದು ಸೋಗೆಯನ್ನು ಕೆಳಗಿಳಿಸಿ ಅಂಗಳದಲ್ಲಿಟ್ಟು ಚಿತ್ರ ತೆಗೆದರೆ ಆ ಖರ್ಚೂ ಉಳಿಯುತ್ತದೆ. ಹಕ್ಕಿಪಕ್ಷಿ, ದೂರದ ನೋಟಗಳಲ್ಲಿ ಆಸಕ್ತಿಯಿರುವ ಮಕ್ಕಳು ಮನೆಯಲ್ಲಿದ್ದರೆ ಮಾತ್ರ ಝೂಮ್ ಕ್ಯಾಮೆರಾದ ಯೋಚನೆ ಮಾಡಿ.

ಹಳೆಯ ಕ್ಯಾಮೆರಾ ಕೊಳ್ಳುವಾಗ ನಾಲ್ಕು ಸಂಗತಿ ನೋಡಿ. ಮಸೂರದೊಳಗೆ ಜೇಡರ ಬಲೆಯಂಥ ಬಿಳಿ ಎಳೆ ಕಂಡರೆ ಅದು ಬೂಸ್ಟು; ಮಲೆನಾಡಿನ ಮಳೆಗಾಲದಲ್ಲಿ ಇದು ಬೇಗ ಹಿಡಿಯುತ್ತದೆ, ಅಂಥದ್ದು ಬೇಡ. ಝೂಮ್ ತಡೆಯಿಲ್ಲದೆ ಹೊರಗೆ ಬಂದು ಒಳಗೆ ಹೋಗಬೇಕು. ಬಿಳಿ ಗೋಡೆಯ ಚಿತ್ರ ತೆಗೆದು ಕಪ್ಪು ಕಲೆ ಇದೆಯೇ ನೋಡಬೇಕು. ಅದರ ಬ್ಯಾಟರಿ ಮತ್ತು ಚಾರ್ಜರ್ ಈಗಲೂ ಸಿಗುತ್ತವೆಯೇ ಎಂದು ಕೇಳಬೇಕು. ಕುತ್ತಿಗೆಗೆ ನೇತುಹಾಕುವ ದೊಡ್ಡ ಕ್ಯಾಮೆರಾ ಚಿತ್ರವನ್ನೇನೋ ಚೆನ್ನಾಗಿ ಕೊಡುತ್ತದೆ. ಆದರೆ ಮುಕ್ಕಾಲು ಕಿಲೋ ತೂಕದ ಅದನ್ನು ಕಳೆ ಕೀಳುವಾಗ ಯಾರೂ ಹೊರುವುದಿಲ್ಲ; ಅದು ಮನೆಯ ಬೀರುವಿನಲ್ಲೇ ಉಳಿಯುತ್ತದೆ. ಬೆಳೆ ಸಮೀಕ್ಷೆಗೂ ವಿಮೆಗೂ ಸ್ಥಳದ ಗುರುತಿನೊಡನೆ ಚಿತ್ರ ಕಳಿಸಲು ಹೇಗೂ ಫೋನೇ ಬೇಕು. ಆದುದರಿಂದ ಒಂದೇ ಕೊಳ್ಳಲು ಸಾಧ್ಯವಿರುವ ಮನೆಗೆ ಗಟ್ಟಿಯಾದ ಒಂದು ಕಣ್ಣುಳ್ಳ ಫೋನೇ ಸರಿಯೆಂದು ನನ್ನ ಸಲಹೆ.

ಕೊಂಡ ಮೇಲೆ ಬಳಸುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮಸೂರವನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿಕೊಳ್ಳಿ. ಒಂದೇ ಚಿತ್ರ ಸಾಲದು, ಮೂರು ಬೇಕು. ಮೊದಲನೆಯದು ಇಡೀ ಹೊಲದ್ದು, ಎರಡನೆಯದು ಒಂದು ಪೂರ್ತಿ ಗಿಡದ್ದು, ಮೂರನೆಯದು ಹುಳು ಅಥವಾ ಚುಕ್ಕೆಯದು. ಮೂರನೆಯದರಲ್ಲಿ ಪಕ್ಕಕ್ಕೆ ಒಂದು ಬೆಂಕಿಕಡ್ಡಿಯನ್ನೋ ಮಕ್ಕಳ ಸ್ಕೇಲನ್ನೋ ಇಡಿ. ಹುಳುವಿನ ಅಳತೆ ತಿಳಿಯುತ್ತದೆ. ಎಲೆಯ ಮೇಲ್ಮೈ, ಅಡಿಮೈ ಎರಡನ್ನೂ ತೆಗೆಯಿರಿ. ಗಾಳಿಗೆ ಎಲೆ ಅಲುಗಿದರೆ ಇನ್ನೊಬ್ಬರು ಹಿಡಿದುಕೊಳ್ಳಲಿ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ವಿವರ ಕಳೆದುಕೊಳ್ಳುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ತೆಗೆದ ಹಾಗೆಯೇ ಬಂದು ತಲುಪುತ್ತದೆ. ಔಷಧಿ ಹೊಡೆದ ಕೈಯಿಂದ ಮಾತ್ರ ಫೋನನ್ನು ಮುಟ್ಟಲೇಬೇಡಿ. ಸಂಜೆ ಅದೇ ಫೋನು ಮಗುವಿನ ಕೈಗೆ ಹೋಗುತ್ತದೆ.

ಕೊನೆಯದಾಗಿ ಒಂದು ಮಾತು. ಹುಳು ಮೊದಲು ಕಾಣುವುದು ಸಾಲಿನಲ್ಲಿ ಬಗ್ಗಿ ಕಳೆ ಕೀಳುವ ಹೆಣ್ಣುಮಕ್ಕಳಿಗೆ. ಫೋನು ಇರುವುದು ಮಾತ್ರ ಪೇಟೆಗೆ ಹೋದ ಗಂಡಸರ ಜೇಬಿನಲ್ಲಿ! ಹೀಗಾದರೆ ಎಷ್ಟು ಸಾವಿರದ ಕ್ಯಾಮೆರಾ ಕೊಂಡರೂ ಫಲವಿಲ್ಲ. ಯಜಮಾನರೇ, ಹೊಲಕ್ಕೆ ಯಾರು ಹೋಗುತ್ತಾರೋ ಅವರ ಕೈಗೆ ಅದನ್ನು ಕೊಡಿ, ಬಳಸಲು ಕಲಿಸಿ. ತಾಯಂದಿರೇ, ಸಂಕೋಚ ಬೇಡ. ಚಿತ್ರ ಮಬ್ಬಾದರೆ ಒಂದು ಗೇಣು ಹಿಂದಕ್ಕೆ ಬಂದು ಇನ್ನೊಂದು ತೆಗೆಯಿರಿ. ಚಿತ್ರ ನೋಡಿದ ಅಧಿಕಾರಿ ಅವಸರದ ಉತ್ತರ ಕೊಟ್ಟರೆ "ಇನ್ನೊಂದ್ಸಲ ಸರಿಯಾಗಿ ನೋಡಿ ಸಾರ್" ಎಂದು ಕೇಳಿ. ನನಗೆ ಆ ದಿನ ಹಾಗೆ ಯಾರಾದರೂ ಕೇಳಿದ್ದರೆ ಎಂಟು ದಿನ ಉಳಿಯುತ್ತಿತ್ತು.

ನಿಮ್ಮ ಬೆಳೆ ಹಸನಾಗಲಿ. ನಮಸ್ಕಾರ.