ಜೊತೆ ಬಿಡದ ಗೆಳೆಯ

(ಅಕ್ಟೋಬರ್ 18, ಸಂತ ಲೂಕರ ಹಬ್ಬ. ವಾಚನಗಳು: 2 ತಿಮೊಥೇಯ 4:10-17, ಲೂಕ 10:1-9)



ಮುಶಿಗೇರಿಯ ಎರಿ ಹೊಲಗಳಲ್ಲಿ ಇದು ಹಿಂಗಾರಿ ಬಿತ್ತನೆಯ ಕಾಲ. ಕೂರಿಗೆ ಬಿತ್ತನೆ ಒಬ್ಬರಿಂದಾಗುವ ಕೆಲಸವಲ್ಲವೆಂದು ನಮಗೆಲ್ಲ ಗೊತ್ತು. ಒಬ್ಬರು ಎತ್ತು ಹೊಡೆದರೆ ಇನ್ನೊಬ್ಬರು ಬೀಜ ಬಿಡಬೇಕು. ಇಂದಿನ ಶುಭಸಂದೇಶದಲ್ಲಿ ಪ್ರಭು ಯೇಸು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳುಹಿಸುತ್ತಾರೆ. ಹಣದ ಚೀಲ ಬೇಡ, ಜೋಳಿಗೆ ಬೇಡ ಎಂದ ಪ್ರಭು ಜೊತೆಗಾರ ಬೇಡವೆನ್ನಲಿಲ್ಲ.

ಮೊದಲ ವಾಚನದಲ್ಲಿ ಸಂತ ಪೌಲರು ರೋಮಿನ ಸೆರೆಮನೆಯಲ್ಲಿದ್ದಾರೆ. ವಯಸ್ಸಾಗಿದೆ, ಕೈಗೆ ಬೇಡಿ ಬಿದ್ದಿದೆ, ಚಳಿಗಾಲ ಹತ್ತಿರವಾಗಿದೆ. ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನು ತರಲು ತಿಮೊಥೇಯರಿಗೆ ಬರೆಯುತ್ತಾರೆ. ದೇಮನು ಲೋಕದ ಆಸೆಗೆ ಬಿದ್ದು ತೊರೆದು ಹೋಗಿದ್ದಾನೆ. ತೀತರೂ ದೂರದಲ್ಲಿದ್ದಾರೆ. ಬಳಿಯಲ್ಲಿ ಉಳಿದವರು ಲೂಕರೊಬ್ಬರೇ.

ಪ್ರೇಷಿತರ ಕಾರ್ಯಕಲಾಪಗಳನ್ನು ಬರೆದವರು ಲೂಕರೇ ಎಂಬುದು ಧರ್ಮಸಭೆಯ ಪರಂಪರೆ. ಆ ಗ್ರಂಥದಲ್ಲಿ ಅವರು ತಮ್ಮ ಹೆಸರನ್ನು ಒಮ್ಮೆಯೂ ಬರೆದುಕೊಂಡಿಲ್ಲ. ಆದರೆ 16ನೇ ಅಧ್ಯಾಯದಲ್ಲಿ, ತ್ರೋವದಿಂದ ಹೊರಡುವಾಗ, ‘ಅವರು’ ಎಂದು ಸಾಗುತ್ತಿದ್ದ ಬರಹ ‘ನಾವು’ ಎಂದಾಗುತ್ತದೆ. ಪೌಲರನ್ನು ಕೈದಿಯಾಗಿ ಒಯ್ದ ಹಡಗು ಬಿರುಗಾಳಿಗೆ ಸಿಕ್ಕಿ ಮಾಲ್ಟಾದ ಬಳಿ ಒಡೆದಾಗ ಅದರಲ್ಲಿದ್ದವರು 276 ಮಂದಿ. ಆ ಕಥೆಯನ್ನೂ ಲೂಕರು ‘ನಾವು’ ಎಂದೇ ಹೇಳುತ್ತಾರೆ. ಸ್ನೇಹವೆಂದರೆ ಇದೇ: ಗೆಳೆಯನ ಕಷ್ಟ ಹೇಳುವಾಗ ‘ಅವನಿಗೆ’ ಎನ್ನದೆ ‘ನಮಗೆ’ ಎನ್ನುವುದು.

ನಮ್ಮ ನಾಡಿನಲ್ಲೂ ಇಂಥ ಜೊತೆಗಾರಿಕೆ ಇತ್ತು. 1681ರಲ್ಲಿ ಗೋವೆಯಿಂದ ಕೆನರಾಕ್ಕೆ ಬಂದು ಸುಮಾರು ಮೂರು ವರ್ಷ ಸೇವೆ ಮಾಡಿದ ಸಂತ ಜೋಸೆಫ್ ವಾಜ್, 1687ರಲ್ಲಿ ಲಂಕೆಗೆ ಹೋದರು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರಿಂದ ಬಡವನ ವೇಷದಲ್ಲಿ ಹೋಗಬೇಕಾಯಿತು. ಜೊತೆಗೆ ಹೊರಟವರು ಜಾನ್ ಎಂಬ ಸೇವಕ. 2015ರಲ್ಲಿ ವಾಜ್ ಅವರಿಗೆ ಸಂತ ಪದವಿ ದೊರೆಯಿತು. ಜಾನ್ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಆದರೆ ಇಬ್ಬರೂ ದಾಟಿದ್ದು ಒಂದೇ ಕಡಲು, ಅಪಾಯವೂ ಒಂದೇ.

ಪ್ರಿಯರೇ, ದುಡಿಮೆಗಾಗಿ ಗೋವಾಕ್ಕೋ ಬೆಂಗಳೂರಿಗೋ ಗುಳೆ ಹೋದ ನಮ್ಮ ಮಕ್ಕಳು ದೇಮನಂಥವರಲ್ಲ. ಮನೆಯ ಒಲೆ ಉರಿಯಲೆಂದೇ ಹೋದವರು. ಆದರೆ ಅವರ ಹಿಂದೆ ಉಳಿದ ಅಜ್ಜ ಅಜ್ಜಿಯರಿಗೆ, ಹಾಸಿಗೆ ಹಿಡಿದವರಿಗೆ ಲೂಕರಾಗುವವರು ಯಾರು? ಮದುವೆ ಮನೆಗೆ ನಾವು ಕರೆಯದಿದ್ದರೂ ಓಡುತ್ತೇವೆ. ರೋಗಿಯ ಪಕ್ಕದಲ್ಲಿ ಹತ್ತು ನಿಮಿಷ ಕೂತರೆ ಗಡಿಯಾರ ನೋಡುತ್ತೇವೆ.

ಇನ್ನೊಂದು ಮಾತು. ಹಿಂದೊಮ್ಮೆ ಮಾರ್ಕನು ನಡುದಾರಿಯಲ್ಲಿ ಬಿಟ್ಟುಹೋಗಿದ್ದನು. ಆ ಕಾರಣಕ್ಕೆ ಪೌಲರೂ ಬಾರ್ನಬರೂ ಜಗಳವಾಡಿ ಬೇರೆಯಾಗಿದ್ದರು. ಸೆರೆಮನೆಯಿಂದ ಪೌಲರು ಅದೇ ಮಾರ್ಕನನ್ನು ಕರೆತರಲು ಹೇಳುತ್ತಾರೆ. ಆತ ಸೇವೆಗೆ ಬೇಕಾದವನು ಎನ್ನುತ್ತಾರೆ. ಮುರಿದ ಸ್ನೇಹವನ್ನು ಸಾಯುವ ಮುನ್ನ ಕೂಡಿಸಿಕೊಂಡರು. ಬದುವಿನ ಜಗಳಕ್ಕೆ ಅಣ್ಣತಮ್ಮಂದಿರೇ ಮಾತು ಬಿಟ್ಟ ಮನೆಗಳು ನಮ್ಮಲ್ಲಿಲ್ಲವೇ?

ಈ ವಾರ ಒಂಟಿಯಾಗಿರುವ ಒಬ್ಬರ ಮನೆಗೆ ಹೋಗಿ ಕೂತುಕೊಳ್ಳೋಣ. ಮಾತು ಬಿಟ್ಟ ಒಬ್ಬರನ್ನು ನಾವೇ ಮೊದಲು ಮಾತನಾಡಿಸೋಣ. ನಮ್ಮನ್ನು ಗೆಳೆಯರೆಂದು ಕರೆದ ಪ್ರಭು ಯೇಸು, ಸಂತ ಲೂಕರ ಬಿನ್ನಹದ ಮೂಲಕ, ಜೊತೆ ಬಿಡದ ಮನಸ್ಸನ್ನು ನಮಗೆ ದಯಪಾಲಿಸಲಿ. ಆಮೆನ್.