ಭಯದ ನಡುವೆ ಭರವಸೆ

ಮಾನವಹೃದಯಕ್ಕೆ ಭಯವು ಎಷ್ಟು ಸಹಜವೋ, ಅದನ್ನು ಮೀರಿಸಬಲ್ಲ ಶ್ರದ್ಧೆಯೂ ಅಷ್ಟೇ ಸಹಜವಾದುದು. ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ, ಗಲಿಲಾಯ ಸಮುದ್ರದ ಬಿರುಗಾಳಿಗೆ ಸಿಲುಕಿದ ದೋಣಿಯೊಳಕ್ಕೆ ನೀರು ನುಗ್ಗುತ್ತಿರಲು, ಬಲೆ ಬೀಸಿಯೇ ಬದುಕಿದವರೂ ಇದ್ದ ಶಿಷ್ಯವೃಂದವು ಕಂಗೆಟ್ಟು ಕೂಗುವುದು. ಯೇಸುವಾದರೋ ದೋಣಿಯ ಹಿಂಭಾಗದಲ್ಲಿ ದಿಂಬಿಗೊರಗಿ ನಿದ್ರಿಸುತ್ತಿರುವನು. ಗಾಳಿಯನ್ನು ಅಡಗಿಸಿದ ಬಳಿಕ ಆತನು ಅವರನ್ನು ಪ್ರಶ್ನಿಸುವುದು ವಿಶ್ವಾಸದ ವಿಷಯವಾಗಿಯೇ. ವಿಶ್ವಾಸಿಗೂ ಬಿರುಗಾಳಿ ತಪ್ಪದು. ಆದರೆ ಅವನ ದೋಣಿಯಲ್ಲಿ ದೇವರಿರುವನು.

ಬೆಂಗಳೂರಿನ ಆರ್‌ಪಿಸಿ ಲೇಔಟಿನ ನಮ್ಮ ಬೀದಿಯಲ್ಲಿ, ವೃದ್ಧ ಕ್ರೈಸ್ತ ಮಾತೆಯೊಬ್ಬರು ಶಸ್ತ್ರಚಿಕಿತ್ಸೆಗೆಂದು ಹೊರಡುವ ಮುಂಜಾನೆ ಹೊಸ್ತಿಲ ಬಳಿ ನಿಂತು, 23ನೆಯ ಕೀರ್ತನೆಯನ್ನು ಮೆಲುದನಿಯಲ್ಲಿ ಓದಿ, ಅಳುತ್ತಿದ್ದ ಮಗಳ ಕಣ್ಣೊರಸಿ, “ಬಾಮ್ಮ, ಆಟೋ ಬಂತು” ಎಂದು ತಾವೇ ಮುಂದೆ ನಡೆದುದನ್ನು ಕಂಡಿದ್ದೇನೆ. ಅವರ ಕೈ ನಡುಗುತ್ತಿತ್ತು, ಹೆಜ್ಜೆ ದೃಢವಾಗಿತ್ತು.

ಇಂತಹ ವಿಶ್ವಾಸವು ತನ್ನ ಭಯವನ್ನು ಗೆಲ್ಲುವುದರೊಂದಿಗೆ ಪರರ ಭಯವನ್ನೂ ಹಗುರಗೊಳಿಸುವುದು. ದೂರದೇಶಗಳಿಂದ ಬಂದ ಗುಡ್ ಶೆಫರ್ಡ್ ಭಗಿನಿಯರು ಇದೇ ಬೆಂಗಳೂರಿನಲ್ಲಿ 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಸ್ಥಾಪಿಸಿದುದು ಈ ವಿಶ್ವಾಸದ ಬಲದಿಂದಲೇ. ಅದರ ಬಾಗಿಲು ಇಂದಿಗೂ ರೋಗಿಗಳಿಗೆ ತೆರೆದಿದೆ.

ಪ್ರಿಯ ಕೇಳುಗರೇ, ಭಯ ಬಂದಾಗ ಅದನ್ನು ಬಚ್ಚಿಡದೆ ದೇವರ ಮುಂದಿರಿಸಿ, ಇಂದಿನ ಕರ್ತವ್ಯದತ್ತ ಧೈರ್ಯದಿಂದ ನಡೆಯೋಣ.