ಯಾರಿಗೆ ಯಾವ ಕಾಲೇಜು?

ಸಿಇಟಿ ಫಲಿತಾಂಶ ಬಂತೆಂದರೆ ಅರಸೀಕೆರೆ, ಬೇಲೂರು, ಹಳೇಬೀಡಿನ ಮನೆಗಳಲ್ಲಿ ಒಂದೇ ಮಾತು: ಯಾವ ಕಾಲೇಜು ಒಳ್ಳೆಯದು? ನಮ್ಮ ಮಗುವಿಗೆ ಯಾವುದು ಒಗ್ಗುತ್ತದೆ ಎಂದು ಕೇಳುವವರು ಕಡಿಮೆ.

ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ಇದೆ, ಹೆಸರೂ ಇದೆ. ಆದರೆ ಬೇಲೂರಿನಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ದಿನಾ ಬಸ್ಸಿನಲ್ಲಿ ಓಡಾಡುವ ಹುಡುಗಿ ಸಂಜೆ ಲ್ಯಾಬ್ ಮುಗಿಸಿ ಎಷ್ಟು ಹೊತ್ತಿಗೆ ಮನೆ ಸೇರುತ್ತಾಳೆ? ಹಾಸ್ಟೆಲ್ ಸಿಗುತ್ತದೆಯೇ? ಅರಸೀಕೆರೆಯವರಿಗೆ ಬೆಂಗಳೂರಿಗೂ ಹುಬ್ಬಳ್ಳಿಗೂ ರೈಲಿದೆ. ಹಳೇಬೀಡಿನವರಿಗೆ ಆ ಅನುಕೂಲವಿಲ್ಲ.

ತರಗತಿ ನಡೆಯುವ ದಿನವೇ ಕಾಲೇಜಿಗೆ ಹೋಗಿ. ಗ್ರಂಥಾಲಯದಲ್ಲಿ ಮಕ್ಕಳು ಕೂತಿದ್ದಾರೆಯೇ, ಮಗು ಸೇರಬೇಕೆಂದಿರುವ ವಿಭಾಗಕ್ಕೆ ಕಾಯಂ ಅಧ್ಯಾಪಕರು ಇದ್ದಾರೆಯೇ ನೋಡಿ. ಎರಡನೇ ವರ್ಷದವರನ್ನು ಮಾತಾಡಿಸಿ. ಜಾಹೀರಾತು ಹೇಳದ್ದನ್ನು ಅವರು ಹೇಳುತ್ತಾರೆ. ಕೋರ್ಸಿನ ಬಗ್ಗೆ ಇನ್ನೊಂದು ಮಾತು. ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅವುಗಳ ನೆರಳಲ್ಲೇ ಬೆಳೆದು ಇತಿಹಾಸ ಓದಬೇಕೆನ್ನುವ ಮಗುವನ್ನು ಕಂಪ್ಯೂಟರ್ ಕೋರ್ಸಿಗೆ ದೂಡುವುದು ಅನ್ಯಾಯ.

ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ ಮೊದಲು ಅಣಕು ಸೀಟು ಹಂಚಿಕೆ ಪ್ರಕಟಿಸುತ್ತದೆ. ಅದಾದ ಮೇಲೂ ಆಯ್ಕೆಗಳ ಕ್ರಮ ಬದಲಿಸಲು ಅವಕಾಶವಿದೆ. ಆ ದಿನಗಳಲ್ಲಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಪಟ್ಟಿ ತಿದ್ದಿ.